ಕಡಬಕ್ಕೆ ಮಾತ್ರ ಕೇಳಿದ ಹಾಡು

ಕಳೆದ ತಿಂಗಳು ಮಿಕ್ಸಿ ರಿಪೇರಿಗೆಂದು ಪುತ್ತೂರಿನ ದರ್ಬೆಯ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಯಾರದೋ ಹಳೆಯ ರೇಡಿಯೋದ ಹೊಟ್ಟೆ ಬಿಚ್ಚಿಟ್ಟುಕೊಂಡು ಬೆಸುಗೆ ಹಾಕುತ್ತಿದ್ದರು. ರಾಳ ಸುಟ್ಟ ವಾಸನೆ ಮೂಗಿಗೆ ಅಡರಿತು. ಕೆಲಸ ಮುಗಿಸಿ ಮುಳ್ಳು ತಿರುಗಿಸಿದರು. ಕುಂಯ್ ಎಂದಿತು, ಕೊರ್ ಎಂದಿತು, ಆಮೇಲೆ ಯಾರೋ ದೂರದಲ್ಲಿ ಬಾವಿಯೊಳಗೆ ಕೂತು ಮಾತಾಡಿದ ಹಾಗೆ ಒಂದು ದನಿ ಬಂತು.

"ಇದನ್ನು ಈಗಲೂ ಕೇಳುವವರು ಇದ್ದಾರಾ?" ಎಂದೆ.

"ಇದ್ದಾರೆ ಟೀಚರೇ. ಆದ್ರೆ ಸಂಜೆ ಆದ್ರೆ ಕಷ್ಟ. ಒಂದು ಸ್ಟೇಷನ್ನಿನ ಮೇಲೆ ಇನ್ನೊಂದು ಹತ್ತಿ ಕೂರ್ತದೆ. ಇವರು ಪವರ್ ಯಾಕೆ ಜಾಸ್ತಿ ಮಾಡುದಿಲ್ಲ ಅಂತಲೇ ಗೊತ್ತಾಗುದಿಲ್ಲ."

ನಾನು ಅಂಗಡಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಅವರು ಮಿಕ್ಸಿಯ ಜಾರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಐವರ್ನಾಡಿನಲ್ಲಿ ನಾನು ಕಳೆದ ಆ ಮಳೆಗಾಲದ ಕಥೆಯನ್ನು ಅವರಿಗೆ ನಿಂತ ನಿಲುವಿನಲ್ಲಿ ಹೇಳುವುದು ಹೇಗೆ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗಷ್ಟೇ ಸುಳ್ಯ ತಾಲೂಕಿನ ಐವರ್ನಾಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್ ಕೆಲಸ ಸಿಕ್ಕಿತ್ತು. ದರ್ಬೆಯ ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಅಪ್ಪ ನಾನು ಕಾಲೇಜಿಗೆ ಹೋಗುವಾಗಲೇ ತೀರಿಕೊಂಡಿದ್ದರು. ಜೂನ್ ತಿಂಗಳ ಮೊದಲ ವಾರ ದಿನಾ ಬಸ್ಸಿನಲ್ಲಿ ಓಡಾಡಿ ನೋಡಿದೆ. ನಡುದಾರಿಯ ಬೆಳ್ಳಾರೆಯಲ್ಲಿ ಒಂದು ಬಸ್ಸು ತಪ್ಪಿದರೆ ಅರ್ಧ ದಿನ ತಪ್ಪಿದ ಹಾಗೆ. ಕೊಡೆ ಹಿಡಿದರೂ ಸೀರೆ ಮೊಣಕಾಲಿನವರೆಗೆ ಒದ್ದೆ. ಮಳೆ ಬಿಡುವವರೆಗೆ ಅಲ್ಲೇ ಇರು ಎಂದು ಅಮ್ಮನೇ ಹೇಳಿದರು. ಶಾಲೆಗೆ ಹತ್ತಿರ, ರಸ್ತೆ ಬದಿಯಲ್ಲಿ ಕುಶಾಲಪ್ಪ ಗೌಡರ ಒಂದು ಕಾಂಕ್ರೀಟು ಕಟ್ಟಡ ಇತ್ತು. ಕೆಳಗೆ ಅದ್ರಾಮಾಕನ ಅಂಗಡಿ, ಮೇಲೆ ಒಂದು ಕೋಣೆ. ಆ ಕೋಣೆ ನನ್ನದಾಯಿತು. ಕಟ್ಟಡದ ಹಿಂದೆಯೇ ಗೌಡರ ಮನೆ. ಊಟ ಅವರ ಹೆಂಡತಿ ದೇವಕಿಯವರ ಕೈಯದು. ಊರಿಗೆಲ್ಲ ದೇವಕ್ಕ, ನನಗೂ ದೇವಕ್ಕ.

ಗೌಡರದ್ದು ರಬ್ಬರು ತೋಟ. ಮಳೆಗೆ ಹಾಲು ತೊಳೆದು ಹೋಗಬಾರದೆಂದು ಪ್ರತಿ ಮರಕ್ಕೂ ಪ್ಲಾಸ್ಟಿಕ್ಕಿನ ಲಂಗ ತೊಡಿಸುತ್ತಿದ್ದರು. ಅದ್ರಾಮಾಕ ಅವರಿಂದ ರಬ್ಬರ್ ಶೀಟು ಕೊಂಡು ಮಾರುವವರು, ಜೊತೆಗೆ ದಿನಸಿ. ಹತ್ತಾರು ವರ್ಷ ಕೊಲ್ಲಿ ದೇಶದಲ್ಲಿ ದುಡಿದು ಬಂದವರು. ಅಲ್ಲಿಂದ ತಂದ ಒಂದು ಭಾರೀ ರೇಡಿಯೋ ಅಂಗಡಿಯ ಕಪಾಟಿನ ಮೇಲೆ ಟೊಪ್ಪಿ ಹಾಕಿದ ಯಜಮಾನನ ಹಾಗೆ ಕೂತಿರುತ್ತಿತ್ತು. ಅದಕ್ಕೆ ದೊಡ್ಡ ಸೆಲ್ಲು ಹಾಕಬೇಕು. ಉಳಿದ ದಿನ ಅದನ್ನು ಯಾರೂ ಕೇಳುವುದಿಲ್ಲ. ಆದರೆ ಐವರ್ನಾಡಿನ ಮಳೆ ಎಂದರೆ ಮೊದಲು ಕರೆಂಟನ್ನು ಕೊಂಡೊಯ್ಯುತ್ತದೆ, ಆಮೇಲೆ ಮೊಬೈಲಿನ ಟವರನ್ನು. ಅವೆರಡೂ ಹೋದ ಮೇಲೆ ಇಡೀ ಊರಿಗೆ ಅದ್ರಾಮಾಕನ ರೇಡಿಯೋ ಒಂದೇ ಗತಿ. ಅದರಲ್ಲೂ ಶಾಲೆಯ ಮಕ್ಕಳಿಗೆ. ನಾಳೆ ರಜೆ ಉಂಟೋ ಇಲ್ಲವೋ ಎಂದು ಹೇಳುವವರು ಇನ್ನು ಯಾರು?

ಒಂದು ಸಂಜೆ ಮಳೆ ಹುಚ್ಚು ಹಿಡಿದ ಹಾಗೆ ಸುರಿಯುತ್ತಿತ್ತು. ಅದ್ರಾಮಾಕ ಅಂಗಡಿಯಿಂದ ತಲೆ ಹೊರಗೆ ಹಾಕಿ ಕೂಗಿದರು, "ಟೀಚರೇ, ನಾಳೆ ಶಾಲೆಗೆ ರಜೆ! ಈಗ ರೇಡಿಯೋದಲ್ಲಿ ಹೇಳಿದ್ರು!"

ಸುದ್ದಿ ಮಳೆಗಿಂತ ಜೋರಾಗಿ ಊರಿಡೀ ಹರಡಿತು. ನನಗೆ ಮಾತ್ರ ಯಾಕೋ ಸಂಶಯ. ಬೆಳಿಗ್ಗೆ ಶಾಲೆಗೆ ಹೋದೆ. ಹೆಡ್ಮಾಸ್ಟ್ರು ಒಬ್ಬರೇ ವರಾಂಡದಲ್ಲಿ ಕೊಡೆ ಮಡಚಿ ನಿಂತಿದ್ದರು. ಒಂದೇ ಒಂದು ಮಗು ಇಲ್ಲ.

"ಇದೆಂತ ಟೀಚರೇ? ಸುಳ್ಯದ ಬೇರೆ ಎಲ್ಲಾ ಶಾಲೆಗಳು ನಡೀತಾ ಉಂಟಲ್ಲ!"

ವಿಚಾರಿಸಿದರೆ, ಅದ್ರಾಮಾಕ ಕೇಳಿದ್ದು ಮಲಯಾಳಂ ವಾರ್ತೆ. ರಜೆ ಕೊಟ್ಟದ್ದು ಗಡಿಯಾಚೆಯ ಜಿಲ್ಲೆಯ ಕಲೆಕ್ಟರು. ರೇಡಿಯೋದ ಮುಳ್ಳು ನಮ್ಮ ಮಂಗಳೂರು ನಿಲಯದ ಮೇಲೆಯೇ ಇತ್ತಂತೆ. ಅದ್ರಾಮಾಕನಿಗೆ ಮನೆಮಾತು ಬ್ಯಾರಿ, ಮಲಯಾಳಂ ಸಲೀಸು. ಯಾವ ಭಾಷೆಯಲ್ಲಿ ಕೇಳಿದೆ ಎಂಬುದೇ ಅವರ ತಲೆಗೆ ಹೋಗಿರಲಿಲ್ಲ.

"ಅಲ್ಲ ಮಾರಾಯ್ರೆ," ಎಂದು ಹೆಡ್ಮಾಸ್ಟ್ರು ಅಂಗಡಿಗೇ ಬಂದು ಕೇಳಿದರು, "ಕೇರಳದ ಕಲೆಕ್ಟರು ನಮ್ಮ ಶಾಲೆಗೆ ರಜೆ ಕೊಡುದಾ?"

"ಅವರು ಕೊಟ್ಟದ್ದು ನಿಜ ಸಾರ್. ನಾವು ತಗೊಂಡದ್ದು ತಪ್ಪು," ಎಂದರು ಅದ್ರಾಮಾಕ, ತುಂಬ ವಿನಯದಿಂದ.

ಮುಂದಿನ ವಾರ ನಮ್ಮ ಜಿಲ್ಲೆಗೇ ನಿಜವಾದ ರಜೆ ಬಂತು. ಅದ್ರಾಮಾಕ ಕೂಗಿದರು. ಯಾರೂ ನಂಬಲಿಲ್ಲ. ಶಾಲೆಗೆ ಪೂರ್ತಿ ಹಾಜರಿ.

ಎರಡು ರಜೆಗಳ ಈ ಗೊಂದಲದಿಂದ ಅತ್ಯಂತ ಚಿಂತೆಗೊಳಗಾದವರು ಕುಶಾಲಪ್ಪ ಗೌಡರು. ಯಾಕೆಂದರೆ ಅವರ ಹೆಂಡತಿಯ ಹಾಡು ಅದೇ ನಿಲಯದಿಂದ, ಅದೇ ಸಂಜೆಯ ಹೊತ್ತಿನಲ್ಲಿ ಪ್ರಸಾರವಾಗುವುದಿತ್ತು.

ಅರೆಭಾಷೆ ಮಾತಾಡುವ ಗೌಡರ ಮದುವೆಗಳಲ್ಲಿ ಹೆಂಗಸರು ಹಾಡುವ ಶೋಭಾನೆ ಹಾಡುಗಳು ದೇವಕ್ಕನಿಗೆ ಬಾಯಿಪಾಠ. ರೇಡಿಯೋ ನಿಲಯದವರು ಬೆಳ್ಳಾರೆಗೆ ಬಂದಾಗ ಯಾರೋ ಇವರ ಹೆಸರು ಹೇಳಿದ್ದರು. ಮೇ ತಿಂಗಳಲ್ಲೇ ಮಂಗಳೂರಿಗೆ ಕರೆಸಿ ಹಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದರು. ಗೌಡರು ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದರು. ದೇವಕ್ಕ ಬಾಗಿಲು ತೆರೆದು ಹೊರಗೆ ಬಂದಾಗ ಬೆವರಿ ನೀರಾಗಿದ್ದರಂತೆ. ಹೇಗಾಯಿತು ಎಂದು ಕೇಳಿದರೆ, "ಆಯ್ತು," ಎಂದಷ್ಟೇ ಉತ್ತರ.

ಈ ಹಾಡಿನ ಹಿಂದೆ ಒಂದು ದೊಡ್ಡ ರಾಮಾಯಣ ಉಂಟು ಎಂದು ನನಗೆ ಹೇಳಿದವರು ಅದ್ರಾಮಾಕ. ದೇವಕ್ಕನಿಗೆ ಒಬ್ಬ ಅಕ್ಕ, ಪೂವಮ್ಮ. ಮದುವೆಯಾಗಿ ಕಡಬದ ಕಡೆ ಹೋದವರು. ಹಿಂದೆ ಅಕ್ಕ ತಂಗಿ ಜೋಡಿಯಾಗಿಯೇ ಎಲ್ಲಾ ಮದುವೆಗಳಲ್ಲೂ ಹಾಡುತ್ತಿದ್ದರು. ಅವುಗಳಲ್ಲಿ ಮದುಮಗಳು ಹೊಸಿಲು ದಾಟಿ ಇಳಿಯುವಾಗ ಹಾಡುವ ಒಂದು ಹಾಡು; ಹಾಡು ಯಾರನ್ನು ಕರೆಯುತ್ತದೋ ಅವರು ಎದ್ದು ಬಂದು ಅವಳ ಕೈ ಹಿಡಿಯುವುದು ಕ್ರಮ. ಅದರ ಒಂದು ಸಾಲು, ಕನ್ನಡದಲ್ಲಿ ಹೇಳುವುದಾದರೆ, 'ಹೊಸಿಲು ದಾಟುವ ಕೂಸಿನ ಕೈಯ ಅಣ್ಣ ಬಂದು ಹಿಡಿದನೊ.' ಇದು ದೇವಕ್ಕನ ಪಾಠ. ಪೂವಮ್ಮನ ಪ್ರಕಾರ ಹಿಡಿದದ್ದು ಅಣ್ಣನಲ್ಲ, ಸೋದರಮಾವ, 'ಮಾವ ಬಂದು ಹಿಡಿದನೊ.' ಇಬ್ಬರೂ ಕಲಿತದ್ದು ಒಬ್ಬಳೇ ಅಜ್ಜಿಯಿಂದ. ಅಜ್ಜಿ ದಿನಕ್ಕೊಂದು ತರ ಹಾಡಿದ್ದಿರಬೇಕು.

ಮನೆಯೊಳಗೆ ಹಾಡುವಾಗ ಏನೂ ತೊಂದರೆ ಇರಲಿಲ್ಲ. ಬೆಳ್ಳಾರೆಯ ಒಂದು ಮದುವೆಯಲ್ಲಿ ಮೈಕು ಕೊಟ್ಟರು. ಇಬ್ಬರೂ ಒಂದೇ ಮೈಕಿಗೆ ಬಾಯಿಟ್ಟರು. ಒಬ್ಬರು ಅಣ್ಣ ಎಂದರು, ಇನ್ನೊಬ್ಬರು ಮಾವ ಎಂದರು. ಸರಿ ಮಾಡಿಕೊಳ್ಳುವ ಬದಲು ಎರಡನೇ ಸಲ ಒಬ್ಬರಿಗಿಂತ ಒಬ್ಬರು ಜೋರಾಗಿ ಹೇಳಿದರು. ಮದುಮಗಳ ಅಣ್ಣನೂ ಎದ್ದ, ಸೋದರಮಾವನೂ ಎದ್ದರು. ಒಬ್ಬರು ಎಡಗೈ ಹಿಡಿದರು, ಒಬ್ಬರು ಬಲಗೈ.

"ಮದುಮಗಳನ್ನು ಪೊಲೀಸಿನವರು ಕೊಂಡುಹೋದ ಹಾಗೆ ಕಾಣ್ತಿತ್ತು ಟೀಚರೇ," ಎಂದರು ಅದ್ರಾಮಾಕ. "ಮದುವೆ ಹಾಲ್ ಇಡೀ ನಕ್ಕಿತು. ಆ ದಿನದಿಂದ ಅಕ್ಕ ತಂಗಿ ಮಾತಿಲ್ಲ."

ಮಾತಿಲ್ಲದ ಮೇಲೆ ಗಂಡಂದಿರೂ ಪಕ್ಷ ಕಟ್ಟಿಕೊಂಡರು. ಕುಶಾಲಪ್ಪ ಗೌಡರು ಕಟ್ಟಾ ಅಣ್ಣನ ಪಕ್ಷ. ಹಾಡಿನ ಒಂದು ಸಾಲೂ ಸರಿಯಾಗಿ ಬಾರದಿದ್ದರೂ ಅಣ್ಣನೇ ಸರಿ ಎಂದು ಸಿಕ್ಕ ಸಿಕ್ಕಲ್ಲಿ ವಾದ ಮಾಡಿ ಮೂರು ಮನೆಯವರ ಜೊತೆ ಮುಖ ಕೆಡಿಸಿಕೊಂಡಿದ್ದರು. ರೇಡಿಯೋದಲ್ಲಿ ಹೆಂಡತಿಯ ಹಾಡು ಬರುತ್ತದೆ ಎಂದಾಗ ಅವರಿಗೆ ಆದ ಸಂತೋಷ ಕಲೆಗಾಗಿ ಅಲ್ಲ. ಕಡಬದ ಆ ಮನೆಯಲ್ಲೂ ಸಂಜೆ ರೇಡಿಯೋ ಹಾಕುತ್ತಾರೆ ಎಂದು ಅವರಿಗೆ ಗೊತ್ತಿತ್ತು.

"ಅಣ್ಣ ಅಂತ ಕಡಬಕ್ಕೆ ಸ್ಪಷ್ಟ ಕೇಳ್ಬೇಕು," ಎನ್ನುತ್ತಿದ್ದರು. "ನಡುವೆ ಆ ಮಲಯಾಳಂ ಜನ ಬಂದು ಕೂತ್ರೆ ಎಂತ ಮಾಡುದು?"

ಅದ್ರಾಮಾಕ ವಾರಕ್ಕೊಮ್ಮೆ ವ್ಯಾಪಾರಕ್ಕೆ ಕಡಬಕ್ಕೆ ಹೋಗುವವರು. ದೇವಕ್ಕನ ಹತ್ತಿರ ಕೇಳಿದರು, "ಪೂವಕ್ಕನಿಗೆ ದಿನ ಹೇಳಿ ಬರ್ಲಾ?"

"ಹೇಳ್ಬೇಡಿ," ಎಂದು ದೇವಕ್ಕ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹೊರಗೆ ಬಂದು, "ನೀವು ಹೇಳುದಿಲ್ಲ ತಾನೇ?" ಎಂದು ಕೇಳಿ ಮತ್ತೆ ಒಳಗೆ ಹೋದರು.

ಅದ್ರಾಮಾಕ ನನ್ನ ಕಡೆ ತಿರುಗಿ, "ಹೇಳ್ಬೇಕಂತೆ," ಎಂದರು.

ಇಷ್ಟರಲ್ಲಿ ಗೌಡರಿಗೆ ಇನ್ನೊಂದು ಪೀಡೆ ಗಂಟುಬಿದ್ದಿತ್ತು. ಈ ಹಾಡಿಗೆಂದೇ ಅವರು ಮನೆಗೆ ಹೊಸದಾಗಿ ತಂದ ಚಿಕ್ಕ ರೇಡಿಯೋದಲ್ಲಿ ಹಗಲೂ ರಾತ್ರಿಯೂ ಟಿಕ್, ಟಿಕ್, ಟಿಕ್ ಎಂಬ ಶಬ್ದ. ನಿಲಯದವರು ಗಡಿಯಾರವನ್ನು ಮೈಕಿನ ಹತ್ತಿರ ಇಟ್ಟುಕೊಂಡಿದ್ದಾರೆ ಎಂದು ಅವರು ತೀರ್ಮಾನಿಸಿದ್ದರು. ನಾನು ವಿಜ್ಞಾನ ಟೀಚರ್ ಅಲ್ಲವೇ, ಪರೀಕ್ಷೆ ಮಾಡಿ ನೋಡಿದೆ. ರೇಡಿಯೋ ಹಿಡಿದುಕೊಂಡು ಅಂಗಳದಲ್ಲಿ ತಿರುಗಿದೆ. ಕೊಟ್ಟಿಗೆಯ ಹಿಂದೆ ಹೋದಂತೆ ಟಿಕ್ ಟಿಕ್ ಹೆಚ್ಚಾಯಿತು. ಅಲ್ಲಿ ಗೋಡೆಗೆ ಬಡಿದಿದ್ದ ಒಂದು ಪೆಟ್ಟಿಗೆ. ಹಂದಿ ಬಾರದ ಹಾಗೆ ಮರಗೆಣಸಿನ ಗದ್ದೆಗೆ ಹಾಕಿದ ಸೋಲಾರ್ ಬೇಲಿಯದ್ದು.

"ಗೌಡ್ರೇ, ಇದು ನಿಮ್ಮದೇ ಬೇಲಿ."

"ನನ್ನ ಬೇಲಿ ಹಂದಿಗೆ ಹಾಕಿದ್ದು. ರೇಡಿಯೋಕ್ಕೆ ಎಂತಕ್ಕೆ ಹೊಡೀತದೆ?"

"ತಂತಿಗೆ ಕರೆಂಟು ಬಿಡುವಾಗೆಲ್ಲ ಗಾಳಿಗೂ ಸ್ವಲ್ಪ ಹೋಗ್ತದೆ. ಅದೇ ಕೇಳುದು."

ಗೌಡರು ಪೆಟ್ಟಿಗೆ ಆಫ್ ಮಾಡಿದರು. ಟಿಕ್ ನಿಂತಿತು. ಆನ್ ಮಾಡಿದರು. ಟಿಕ್. ಇನ್ನೂ ನಾಲ್ಕೈದು ಸಲ ಮಾಡಿ ನೋಡಿ, ಸ್ವಂತ ಸೊತ್ತೇ ತನಗೆ ದ್ರೋಹ ಮಾಡಿದ ಹಾಗೆ ಅದರ ಮುಖ ನೋಡುತ್ತಾ ನಿಂತರು.

ಜುಲೈ ನಡುವಿಗೆ ಶುರುವಾಗುವ ಆಟಿ ತಿಂಗಳು ಹತ್ತಿರ ಬಂತು. ಪುತ್ತೂರಿನಲ್ಲಿ ರೇಡಿಯೋ ಕೇಳುಗರ ಸಭೆ ಇದೆ, ನಿಲಯದ ಇಂಜಿನಿಯರರೇ ಬರುತ್ತಾರೆ ಎಂದು ಅದ್ರಾಮಾಕ ಸುದ್ದಿ ತಂದರು. ಗೌಡರು ತಕ್ಷಣ ಜೀಪು ತೊಳೆಸಿದರು. ಪವರ್ ಜಾಸ್ತಿ ಮಾಡಿಸಿಯೇ ಬರುವುದೆಂದು ನಿರ್ಧಾರವಾಯಿತು. ಇಂಗ್ಲಿಷು ಬೇಕಾಗಬಹುದು ಎಂದು ನನ್ನನ್ನೂ ಹತ್ತಿಸಿಕೊಂಡರು. ದೇವಕ್ಕ ಬರಲಿಲ್ಲ. "ಇರುವಷ್ಟು ಕೇಳಿದ್ರೆ ಸಾಕು. ಅಷ್ಟು ಜೋರು ಎಂತಕ್ಕೆ?" ಎಂದರು. ಗೌಡರು ಅದನ್ನು ವಿನಯ ಎಂದುಕೊಂಡರು. ನಾನೂ ಹಾಗೆಯೇ ಎಂದುಕೊಂಡೆ.

ಸಭೆ ಇದ್ದದ್ದು ದರ್ಬೆಯ ಒಂದು ಸಣ್ಣ ಹಾಲಿನಲ್ಲಿ. ಇಂಜಿನಿಯರ್ ತಲೆ ನರೆತ, ಮೆಲುದನಿಯ ಹೆಂಗಸು. ಅವರು ಮಾತು ಶುರು ಮಾಡಿದ್ದೇ ತಡ, ಗೋಡೆಯಾಚೆಯ ಹಾಲಿನಲ್ಲಿ ಯಾರದೋ ನಿಶ್ಚಿತಾರ್ಥದ ಮೈಕು ಶುರುವಾಯಿತು. ಇವರು ಪ್ರಸಾರ ಎಂದರೆ ಅಲ್ಲಿ ಐಸ್‌ಕ್ರೀಂ ರೆಡಿ ಉಂಟು ಎಂದು ಕೂಗುತ್ತಿದ್ದರು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಐಸ್‌ಕ್ರೀಮಿನ ಕಡೆ ಹೋದರು.

ಗೌಡರು ಕೈಯೆತ್ತಿ ನಿಂತರು. "ಮೇಡಂ, ನಿಮ್ಮ ಸ್ಟೇಷನ್ನಿನ ಪವರ್ ಜಾಸ್ತಿ ಮಾಡ್ಬೇಕು. ಸಂಜೆ ಆದ್ರೆ ಪರವೂರಿನವರು ನಿಮ್ಮ ತಲೆ ಮೇಲೆ ಕೂತು ಮಾತಾಡ್ತಾರೆ. ನೀವು ಸುಮ್ಮನೆ ಇರುದಾ?"

ಇಂಜಿನಿಯರ್ ನಕ್ಕರು. ಗೋಡೆಯ ಕಡೆ ಬೆರಳು ತೋರಿಸಿ ಕೇಳಿದರು, "ಈಗ ನಾನು ನನ್ನ ಮೈಕು ಜೋರು ಮಾಡಿದ್ರೆ ಆಚೆಯವರು ಎಂತ ಮಾಡ್ತಾರೆ?"

"ಅವರೂ ಜೋರು ಮಾಡ್ತಾರೆ," ಎಂದರು ಅದ್ರಾಮಾಕ.

"ಆಮೇಲೆ?"

"ನೀವು ಇನ್ನೂ ಜೋರು ಮಾಡ್ತೀರಿ."

"ಆಮೇಲೆ?"

"ಪೊಲೀಸು ಬರ್ತದೆ."

"ಇಷ್ಟೇ ವಿಷಯ," ಎಂದರು ಅವರು. ಆಮೇಲೆ ಬಿಡಿಸಿ ಹೇಳಿದರು. ಗಾಳಿಯಲ್ಲಿ ಎಲ್ಲರಿಗೂ ಸಾಕಾಗುವಷ್ಟು ಜಾಗ ಇಲ್ಲ. ಒಂದೇ ಜಾಗವನ್ನು ದೂರ ದೂರದ ಎಷ್ಟೋ ನಿಲಯಗಳು ಹಂಚಿಕೊಂಡಿವೆ. ಅದಕ್ಕೇ ದೇಶ ದೇಶದವರು ಕೂತು ಮಾತಾಡಿ, ಇಂಥ ಕಡೆ ಇಂಥವರು ಇಷ್ಟೇ ಜೋರಾಗಿ ಮಾತಾಡಬೇಕು ಎಂದು ಗೆರೆ ಹಾಕಿಕೊಂಡಿದ್ದಾರೆ. ಹಗಲಿಗೆ ತೊಂದರೆ ಇಲ್ಲ. ನಮ್ಮ ಅಲೆ ನೆಲ ಹಿಡಿದುಕೊಂಡು ಹೋಗುತ್ತದೆ, ಗುಡ್ಡ ಹತ್ತಿ ಇಳಿದು ಸುಸ್ತಾಗಿ ನಿಲ್ಲುತ್ತದೆ. ಮೇಲಕ್ಕೆ ಹೋದದ್ದನ್ನು ಬಿಸಿಲಿಗೆ ಹುಟ್ಟುವ ಒಂದು ಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಇಲ್ಲ. ಅಲೆ ಇನ್ನೂ ಮೇಲೆ ಹೋಗಿ, ಅಲ್ಲಿರುವ ಮತ್ತೊಂದು ಪದರಕ್ಕೆ ಬಡಿದು, ಎಲ್ಲೋ ಸಮುದ್ರದಾಚೆ ಹೋಗಿ ಇಳಿಯುತ್ತದೆ.

"ಹಗಲಿಗೆ ಮಡಿಕೇರಿ ಮುಟ್ಟದವ ಸಂಜೆಗೆ ಲಂಕೆಗೆ ಹೋಗ್ತಾನೆ," ಎಂದರು. "ಅಲ್ಲಿಯವನೂ ಇಲ್ಲಿಗೆ ಬರ್ತಾನೆ. ನಾವು ಪವರ್ ಏರಿಸಿದ್ರೆ ನಿಮಗೆ ಚೂರು ಚೆನ್ನಾಗಿ ಕೇಳ್ಬಹುದು, ಆದ್ರೆ ಅಲ್ಲಿಯವರ ಕಿವಿ ಕೆಡ್ತದೆ."

ಗೌಡರು ಬಿಡುವವರಲ್ಲ. "ಯಾವಾಗಲೂ ಬೇಡ ಮೇಡಂ. ಒಂದೇ ಒಂದು ದಿನ, ಅರ್ಧ ಗಂಟೆ. ಅವತ್ತು ನನ್ನ ಹೆಂಡತಿಯ ಹಾಡು ಉಂಟು."

ಸಭೆ ನಕ್ಕಿತು. ಇಂಜಿನಿಯರ್ ನಗಲಿಲ್ಲ. "ಗೌಡ್ರೇ, ನಮ್ಮ ಜಾಗದಲ್ಲೇ ಮಾತಾಡುವ ಇನ್ನೊಂದು ಊರಲ್ಲಿ ನಿಮ್ಮ ಹಾಗೇ ಒಬ್ಬರು ರೇಡಿಯೋ ಮುಂದೆ ಕೂತಿರ್ತಾರೆ. ಅವರ ಹೆಂಡತಿಯ ಹಾಡೂ ಅವತ್ತೇ ಇರ್ಬಹುದಲ್ಲ?"

ಗೌಡರು ಬಹಳ ಹೊತ್ತು ಯೋಚಿಸಿದರು. ಆಮೇಲೆ ಗಂಭೀರವಾಗಿ ಕೇಳಿದರು, "ಅವಳು ಚೆಂದ ಹಾಡ್ತಾಳಾ?"

ಬರುವಾಗ ಜೀಪು ಬೆಳ್ಳಾರೆ ದಾಟಿದ ಮೇಲೆ ಗೌಡರೇ ಬಾಯಿ ಬಿಟ್ಟರು. "ಪಾಪ, ಅವನಿಗೂ ಕೇಳ್ಬೇಕಲ್ಲ." ಆ ಕಾಣದ ಗಂಡನ ಬಗ್ಗೆ ಅವರಿಗೆ ನಿಜವಾಗಿಯೂ ಕನಿಕರ ಹುಟ್ಟಿತ್ತು.

ಹಾಡಿನ ದಿನ ಬಂತು. ಬೆಳಿಗ್ಗೆಯಿಂದಲೇ ಕರೆಂಟು ಇಲ್ಲ. ಮೊಬೈಲಿನಲ್ಲಿ ಕೇಳಬಹುದು ಎಂದು ನಾನು ಧೈರ್ಯ ಕೊಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಟವರೂ ಹೋಯಿತು. ಅದ್ರಾಮಾಕ ಹೊಸ ಸೆಲ್ಲು ಹಾಕಿ ರೇಡಿಯೋವನ್ನು ಅಂಗಡಿಯ ಮುಂದಿನ ಬೆಂಚಿನ ಮೇಲೆ ಇಟ್ಟರು. ಊರಿನ ಇಪ್ಪತ್ತು ಮೂವತ್ತು ಜನ ಸೇರಿದರು. ಗೌಡರು ದೊಡ್ಡ ಮನಸ್ಸು ಮಾಡಿ ಹಂದಿಬೇಲಿಯನ್ನು ಆಫ್ ಮಾಡಿ ಬಂದಿದ್ದರು. ದೇವಕ್ಕ ಮಾತ್ರ ಜನರ ನಡುವೆ ಬರಲೊಪ್ಪದೆ ಅಂಗಡಿಯೊಳಗೆ ಅಕ್ಕಿಮೂಟೆಯ ಹಿಂದೆ ನಿಂತಿದ್ದರು.

ಮೊದಲ ಹಾಡು ಗಂಟೆ ಹೊಡೆದ ಹಾಗೆ ಬಂತು. ಮುಗಿಲಿನಲ್ಲಿ ಎಲ್ಲೋ ಮಿಂಚಿದಾಗ ಒಂದು ಚಟಪಟ ಬಿಟ್ಟರೆ ಏನೂ ತೊಂದರೆ ಇಲ್ಲ. ದೇವಕ್ಕನ ದನಿ ರೇಡಿಯೋದಲ್ಲಿ ಹತ್ತು ವರ್ಷ ಚಿಕ್ಕದಾಗಿತ್ತು. ಜನ ತಲೆದೂಗಿದರು. ಎರಡನೆಯ ಹಾಡಿಗೆ ಹೊರಗೆ ಕತ್ತಲು ಕವಿಯತೊಡಗಿತು. ದನಿ ಸ್ವಲ್ಪ ಮುಳುಗಿತು, ಎದ್ದಿತು. ಗೌಡರು ರೇಡಿಯೋವನ್ನು ಎತ್ತಿ ಎದೆಗೆ ಹಿಡಿದುಕೊಂಡು ರಸ್ತೆಯ ಕಡೆ ತಿರುಗಿಸಿದರು. ಮೂರನೆಯದು, ಹೊಸಿಲು ದಾಟುವ ಹಾಡು. ಗೌಡರು ಎಲ್ಲರಿಗೂ ಕೈಸನ್ನೆಯಲ್ಲಿ ಸುಮ್ಮನಿರಲು ಹೇಳಿದರು. ದನಿ ಏರಿತು. ಹೊಸಿಲು ದಾಟುವ ಕೂಸಿನ ಕೈಯ...

ಆಗ ಒಬ್ಬ ಗಂಡಸು ಮಲಯಾಳಂನಲ್ಲಿ ದಪ್ಪ ದನಿ ತೆಗೆದು ಮಾತಾಡತೊಡಗಿದ.

ಮಲಯಾಳಂನ ಹಿಂದೆ ಎಲ್ಲೋ ದೇವಕ್ಕನ ರಾಗ ಮಾತ್ರ ಎಳೆಯಾಗಿ ಕೇಳುತ್ತಿತ್ತು, ಮಾತು ಒಂದೂ ಇಲ್ಲ.

"ಎಂತ ಹೇಳ್ತಾನೆ ಅವ?" ಗೌಡರು ಅಳುವ ದನಿಯಲ್ಲಿ ಕೇಳಿದರು.

ಅದ್ರಾಮಾಕ ಕಿವಿಗೊಟ್ಟು ಕೇಳಿದರು. "ಕೋಳಿಗೂಡನ್ನು ಮಳೆಗಾಲದಲ್ಲಿ ಒಣಗಿಸಿ ಇಡ್ಬೇಕಂತೆ ಗೌಡ್ರೆ. ಇಲ್ಲದಿದ್ರೆ ಕೋಳಿಗೆ ಕಫ ಆಗ್ತದಂತೆ."

ಗೌಡರು ರೇಡಿಯೋವನ್ನು ತಲೆಯ ಮೇಲೆ ಎತ್ತಿದರು, ಮೂಡಕ್ಕೆ ತಿರುಗಿಸಿದರು, ಪಡುವಕ್ಕೆ ತಿರುಗಿಸಿದರು. ಮಳೆಯಲ್ಲೇ ರಸ್ತೆಗಿಳಿದರು. ಕೋಳಿಯ ತಜ್ಞ ಎಲ್ಲಾ ದಿಕ್ಕಿನಲ್ಲೂ ಇದ್ದ. ಅವನು ಮುಗಿಸುವ ಹೊತ್ತಿಗೆ ನಮ್ಮ ನಿಲಯದವರು 'ಇದುವರೆಗೆ ನೀವು ಕೇಳಿದ್ದು' ಎನ್ನುತ್ತಿದ್ದರು.

ಅಷ್ಟು ಜನರಲ್ಲಿ ಆ ಸಾಲು ಒಬ್ಬರಿಗೂ ಕೇಳಲಿಲ್ಲ. ನಾನು ಸಮಾಧಾನ ಹೇಳಲೆಂದು ಅಕ್ಕಿಮೂಟೆಯ ಹಿಂದೆ ಹೋದೆ. ದೇವಕ್ಕ ಅಳುತ್ತಿರಬಹುದು ಎಂದುಕೊಂಡಿದ್ದೆ. ಅವರ ಮುಖದಲ್ಲಿ ಅಂಥದೇನೂ ಇರಲಿಲ್ಲ. ಪರೀಕ್ಷೆ ಮುಂದಕ್ಕೆ ಹೋದ ಮಕ್ಕಳ ಮುಖ ಹೇಗಿರುತ್ತದೆ, ಹಾಗಿತ್ತು.

"ನಿಲಯದವರಿಂದ ರೆಕಾರ್ಡಿಂಗ್ ಕೇಳಿ ತರಿಸುವ, ದೇವಕ್ಕ," ಎಂದೆ.

"ಬೇಡ ಟೀಚರೇ, ಬೇಡ," ಎಂದು ಅವರು ಗಡಿಬಿಡಿಯಲ್ಲಿ ಒಲೆಯ ನೆಪ ಹೇಳಿ ಮನೆಗೆ ನಡೆದರು.

ಮರುದಿನ ಭಾನುವಾರ. ನಾನು ದೇವಕ್ಕನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಗೌಡರು ಗದ್ದೆಯಿಂದ ಮೇಲೆ ಬಂದರು. ಕೈಯಲ್ಲಿ ಅರ್ಧ ತಿಂದ ಒಂದು ಮರಗೆಣಸು. ಹಿಂದಿನ ದಿನದ ಬೇಸರದಲ್ಲಿ ಬೇಲಿಯನ್ನು ಮತ್ತೆ ಆನ್ ಮಾಡಲು ಮರೆತಿದ್ದರು. ಹಂದಿಗಳು ಕುಟುಂಬ ಸಮೇತ ಬಂದು ಹೋಗಿದ್ದವು.

"ಹಾಡೂ ಹೋಯ್ತು, ಗೆಣಸೂ ಹೋಯ್ತು," ಎಂದು ಅವರು ಮೆಟ್ಟಿಲ ಮೇಲೆ ಕೂತರು.

ಅಷ್ಟರಲ್ಲಿ ರಸ್ತೆಯಲ್ಲಿ ಬೆಳ್ಳಾರೆಯ ಬಸ್ಸು ನಿಂತ ಶಬ್ದ. ಗೇಟಿನಲ್ಲಿ ಒಂದು ದೊಡ್ಡ ಕಪ್ಪು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ಥೇಟ್ ದೇವಕ್ಕನದೇ ಮೂಗು, ಸ್ವಲ್ಪ ಹೆಚ್ಚು ನರೆತ ಕೂದಲು. ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ದೇವಕ್ಕ ಬಾಗಿಲಿಗೆ ಬಂದು ನಿಂತರು. ಎಷ್ಟೋ ವರ್ಷಗಳ ಮೇಲೆ ಅಕ್ಕ ತಂಗಿ ಮುಖಾಮುಖಿ.

"ಅಕ್ಕ, ಬಾ, ಕುದ್ರು," ಎಂದರು ದೇವಕ್ಕ. ಕೂತುಕೋ ಎಂದು.

ಪೂವಮ್ಮ ಕೂರಲಿಲ್ಲ. ಕೊಡೆಯನ್ನೂ ಮಡಚಲಿಲ್ಲ. "ನೀನು ನಿನ್ನೆ ರೇಡಿಯೋದಲ್ಲಿ ಮಾವ ಅಂತ ಯಾಕೆ ಹಾಡಿದ್ದು?"

ಗೌಡರ ಕೈಯಿಂದ ಗೆಣಸು ಜಾರಿತು. "ಎಂತ? ಮಾವ ಅಂದದ್ದಾ? ಇವಳಾ?"

ಐವರ್ನಾಡಿಗೆ ಕೋಳಿಯ ಪಾಠ ಬಂದ ಹೊತ್ತಿನಲ್ಲಿ ಕಡಬಕ್ಕೆ ಹಾಡು ಸರಿಯಾಗಿಯೇ ಬಂದಿತ್ತು. ದೂರದಿಂದ ಬರುವ ಅಲೆ ಒಂದು ಊರಿನಲ್ಲಿ ಏರುವಾಗ ಇನ್ನೊಂದು ಊರಿನಲ್ಲಿ ಇಳಿದಿರುತ್ತದೆ. ಅದನ್ನು ವಿವರಿಸಲು ನಾನು ಬಾಯಿ ತೆರೆದೆ, ಆದರೆ ಕೇಳುವವರು ಯಾರೂ ಇರಲಿಲ್ಲ.

"ಬಾಯಿ ತಪ್ಪಿ ಬಂತು," ಎಂದರು ದೇವಕ್ಕ ನೆಲ ನೋಡುತ್ತಾ.

"ಬಾಯಿ ತಪ್ಪುದು ಒಂದು ಸಲ. ಆ ಸಾಲು ಬಂದಾಗೆಲ್ಲ ನೀನು ಮಾವ ಅಂತಲೇ ಹೇಳಿದ್ದಿ."

ದೇವಕ್ಕ ಸೆರಗಿನ ತುದಿ ತಿರುಚಿದರು. "ಆ ಗಾಜಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ದೆ. ಪಕ್ಕದಲ್ಲಿ ನೀನು ಇರ್ಲಿಲ್ಲ. ನಾನು ಅಣ್ಣ ಅಂದ್ರೆ ಮಾವ ಅನ್ನುವವರು ಯಾರು? ಅದಕ್ಕೆ ನಾನೇ ಹೇಳಿದೆ."

ಗೌಡರೇ ಮೊದಲು ಚೇತರಿಸಿಕೊಂಡರು. "ಹಾಗಾದ್ರೆ ಇಷ್ಟು ವರ್ಷ ನಾನು ಅಣ್ಣ ಅಣ್ಣ ಅಂತ ಊರಿಡೀ ಜಗಳ ಮಾಡಿದ್ದು ಎಂತಕ್ಕೆ? ಜಗಳ ಆದ ಮನೆಯವರ ಗೃಹಪ್ರವೇಶಕ್ಕೂ ಹೋಗ್ಲಿಲ್ಲ ನಾನು!"

"ನಿಮ್ಮದು ಬಿಡಿ ಭಾವ," ಎಂದರು ಪೂವಮ್ಮ. ಈಗ ಅವರ ದನಿ ನಿಜವಾಗಿಯೂ ಏರಿತ್ತು. "ನನ್ನ ಮರ್ಯಾದೆ ಎಂತಾಯ್ತು ಕೇಳಿ. ಇವಳ ಮೇಲಿನ ಬೇಜಾರಲ್ಲೂ ಇವಳದೇ ನೆನಪಾಗಿ ಆಗಿ, ಕಡಬದ ಹೆಣ್ಣುಮಕ್ಕಳಿಗೆಲ್ಲ ನಾನು ಅಣ್ಣ ಅಂತಲೇ ಕಲಿಸಿದ್ದು. ನನ್ನ ತಂಗಿ ಹಾಡುದು ಹೀಗೆ, ಇದೇ ಸರಿ ಅಂತ. ನಿನ್ನೆ ಎಲ್ಲರನ್ನೂ ಕರೆದು ರೇಡಿಯೋ ಮುಂದೆ ಕೂರಿಸಿದ್ದೆ, ಕೇಳಿ ನನ್ನ ತಂಗಿ ಅಣ್ಣ ಅನ್ನುದನ್ನು ಅಂತ. ಈ ಮೂದೇವಿ ಮಾವ ಅಂತಾಳೆ!"

ಕಾಫಿ ನನ್ನ ಮೂಗಿಗೆ ಹತ್ತಿತು. ದೇವಕ್ಕ ಅಕ್ಕನನ್ನೇ ನೋಡುತ್ತಿದ್ದರು. ಆಮೇಲೆ ಅಕ್ಕನ ಕೈಯಿಂದ ಕೊಡೆ ತೆಗೆದುಕೊಂಡು ಮಡಚಿ ಮೂಲೆಗೆ ಒರಗಿಸಿದರು. ಅಷ್ಟು ಸಾಕಾಯಿತು. ಪೂವಮ್ಮ ಬೆಂಚಿನ ಮೇಲೆ ದೊಪ್ಪೆಂದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ದೇವಕ್ಕನೂ ಪಕ್ಕದಲ್ಲಿ ಕೂತು ಅದನ್ನೇ ಮಾಡತೊಡಗಿದರು.

ಅರ್ಧ ಗಂಟೆಯ ಮೇಲೆ ಅಡುಗೆಮನೆಯಿಂದ ಮತ್ತೆ ಜಗಳ ಕೇಳಿಸಿತು. ಈಗ ದೇವಕ್ಕ ಮಾವನೇ ಇರಲಿ ಎನ್ನುತ್ತಿದ್ದರು, ಪೂವಮ್ಮ ಅಣ್ಣನೇ ಸರಿ ಎನ್ನುತ್ತಿದ್ದರು. ಗೌಡರು ಮೆಟ್ಟಿಲ ಮೇಲೆ ಕೂತು, ಇನ್ನು ಯಾವ ಪಕ್ಷಕ್ಕೆ ಸೇರಬೇಕೆಂದು ತಿಳಿಯದೆ ಒದ್ದೆ ಅಂಗಳವನ್ನೇ ನೋಡುತ್ತಿದ್ದರು. ಪೂವಮ್ಮ ಸಂಜೆಯ ಬಸ್ಸಿಗೆ ಹೊರಟವರು ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಆ ವಾರ ಪೂರ್ತಿ ನನ್ನ ಕೋಣೆಗೆ ಕೆಳಗಿನಿಂದ ಹಾಡು ಬರುತ್ತಿತ್ತು. ಆ ಸಾಲು ಬಂದಾಗ ಹಾಡು ನಿಲ್ಲುತ್ತಿತ್ತು, ವಾದ ನಡೆಯುತ್ತಿತ್ತು, ಮತ್ತೆ ಹಾಡು ಮುಂದುವರಿಯುತ್ತಿತ್ತು.

ಮಳೆ ಬಿಟ್ಟ ಮೇಲೆ ನಾನು ದರ್ಬೆಗೆ ಮರಳಿದೆ. ಬಸ್ಸಿನಲ್ಲೇ ಓಡಾಟ ಶುರುವಾಯಿತು. ಆ ಬೇಸಗೆಯಲ್ಲಿ ನನ್ನ ಮದುವೆ ಗೊತ್ತಾಯಿತು. ನಮ್ಮದು ತುಳು ಮನೆ, ಶೋಭಾನೆಯ ಕ್ರಮ ನಮ್ಮಲ್ಲಿಲ್ಲ. ಆದರೂ ಕರೆಯಲು ಹೋದಾಗ ದೇವಕ್ಕ, "ನಾವಿಬ್ಬರೂ ಬಂದು ಹಾಡ್ತೇವೆ," ಎಂದುಬಿಟ್ಟರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಒಳಗೊಳಗೇ ಭಯ ಇತ್ತು. ನನಗೆ ಒಡಹುಟ್ಟಿದ ಅಣ್ಣ ಇಲ್ಲ. ಇದ್ದ ಒಬ್ಬ ಸೋದರಮಾವ ದುಬೈಯಲ್ಲಿದ್ದವರು, ರಜೆ ಸಿಗದೆ ಬರಲಿಲ್ಲ. ಯಾರೂ ಎದ್ದು ಬರದಿದ್ದರೆ ಆ ಸಾಲಿಗೆ ನಾನು ಮದುವೆ ಹಾಲ್‌ನಲ್ಲಿ ಒಬ್ಬಳೇ ನಿಲ್ಲಬೇಕಾದೀತು.

ಮದುವೆಯ ದಿನ ಅಕ್ಕ ತಂಗಿ ಒಂದೇ ಬಣ್ಣದ ಸೀರೆಯುಟ್ಟು ಬಂದಿದ್ದರು. ಮೈಕಿನವನ ಪಕ್ಕದಲ್ಲಿ ಅದ್ರಾಮಾಕ ಮತ್ತು ಗೌಡರು ಕಾವಲು ಕೂತಿದ್ದರು. ಅಮ್ಮ ಎಲ್ಲಿ ಎಂದು ನೋಡಿದೆ. ಗಂಡ ಇಲ್ಲದವಳು ಮಂಟಪದ ಹತ್ತಿರ ಬರಬಾರದು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಆದರೂ ತಾವಾಗಿಯೇ ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಹೋಗಿ ಕೂತಿದ್ದರು.

ಮಂಟಪದಿಂದ ಇಳಿಯುವ ಹೊತ್ತಾಯಿತು. ಅಕ್ಕ ತಂಗಿ ಮೈಕಿಗೆ ಬಾಯಿಟ್ಟರು. ಹೊಸಿಲು ದಾಟುವ ಕೂಸಿನ ಕೈಯ ಎಂದು ಇಬ್ಬರೂ ಎಳೆದರು.

'ಅಮ್ಮ ಬಂದು ಹಿಡಿದಳೊ.'

ಇಬ್ಬರದೂ ಒಂದೇ ದನಿ. ಅಮ್ಮ ಕದಲಲಿಲ್ಲ. ಕೇಳಿದ್ದು ಸರಿಯೇ ಎಂದು ಅವರಿಗೆ ನಂಬಿಕೆ ಬರಲಿಲ್ಲವೇನೋ. ದೇವಕ್ಕ ಮತ್ತು ಪೂವಮ್ಮ ಅದೇ ಸಾಲನ್ನು ಮತ್ತೆ ಹಾಡಿದರು, ಹಿಂದಿನ ಸಾಲಿನ ಕಡೆಗೇ ಮುಖ ಮಾಡಿ. ಕುಶಾಲಪ್ಪ ಗೌಡರು ಬಗ್ಗಿ ಮೈಕಿನವನ ಕಿವಿಯಲ್ಲಿ ಏನೋ ಹೇಳಿದರು. ದನಿ ಇಡೀ ಹಾಲ್ ತುಂಬುವಷ್ಟು ಏರಿತು. ಜನರೆಲ್ಲ ತಿರುಗಿ ಕಂಬದ ಕಡೆ ನೋಡಿದರು. ಅಮ್ಮ ಎದ್ದರು, ಸೀರೆಯ ನೆರಿಗೆ ಸರಿಮಾಡಿಕೊಂಡರು, ಸಾಲುಗಳ ನಡುವಿನಿಂದ ನಿಧಾನವಾಗಿ ನಡೆದು ಬಂದು ನನ್ನ ಕೈ ಹಿಡಿದರು.